ನೀರು ತುಂಬುವ ಹಬ್ಬದ ರಾತ್ರಿ

ನಮ್ಮನೆಯಲ್ಲಿ ಮೊದಲ ಮೀನು ಸತ್ತಿದ್ದು ಗೌರಿ ಹಬ್ಬದ ಬೆಳಿಗ್ಗೆ. ಹಿಂದಿನ ದಿನವೆಲ್ಲ ಮನೆ ಗುಡಿಸಿ ಒರೆಸಿ ಸುಸ್ತಾಗಿದ್ದ ಅಮ್ಮ, ಬಾಗಿನದ ಮೊರ ಜೋಡಿಸುತ್ತಾ "ಯಾಕೋ, ನಿನ್ನ ಕೆಂಪು ಮೀನು ಮಲಗೇ ಇದೆ" ಅಂದರು. ಕೆಂಪಲ್ಲ, ಕಿತ್ತಳೆ. ಮೂರು ಬಿಳಿ ಪಟ್ಟೆಯ ಕ್ಲೌನ್ ಮೀನು. ಮಲಗಿರಲಿಲ್ಲ, ಸತ್ತಿತ್ತು. ಅದರ ಜೋಡಿ ಮೇಲ್ಗಡೆ ಮೂಲೆಯಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಾ ಏದುಸಿರು ಬಿಡುತ್ತಿತ್ತು. ಕಲ್ಲಿನ ಸಂದಿಯಲ್ಲಿರುತ್ತಿದ್ದ ಫೈರ್‌ಫಿಶ್ ಎಲ್ಲಿದೆ ಅಂತ ಟಾರ್ಚ್ ಹಿಡಿದು ಹುಡುಕಿದೆ. ಅದೂ ಹೋಗಿತ್ತು.

ಉಪ್ಪು ನೀರಿನ ತೊಟ್ಟಿ ಇಡಬೇಕು ಅನ್ನೋದು ನನ್ನ ಹತ್ತು ವರ್ಷದ ಹುಚ್ಚು. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆ, ಹಾಲ್‌ನಲ್ಲಿ ಮೂರಡಿ ಗಾಜಿನ ತೊಟ್ಟಿ, ಅದರ ಕೆಳಗೆ ಬಾಗಿಲಿರುವ ಕ್ಯಾಬಿನೆಟ್, ಕ್ಯಾಬಿನೆಟ್ ಒಳಗೆ ಇನ್ನೊಂದು ಸಣ್ಣ ತೊಟ್ಟಿ. ಆ ಸಣ್ಣ ತೊಟ್ಟಿಗೆ ಈ ಹವ್ಯಾಸದವರು ಸಂಪ್ ಅಂತಾರೆ. ನಮ್ಮೂರಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದೊಳಗಿರೋದು, ಹಾಗಾಗಿ ಅಮ್ಮ ಅದನ್ನ ಒಪ್ಪಲೇ ಇಲ್ಲ. ಅವರಿಗೆ ಅದು 'ಮೀನಿನ ಬೀರು'. ನೀರು ಮೇಲಿಂದ ಪೈಪಲ್ಲಿ ಸಂಪ್‌ಗೆ ಇಳಿಯುತ್ತೆ, ಅಲ್ಲಿ ಸ್ಕಿಮ್ಮರ್ ಅನ್ನೋ ಯಂತ್ರ ಗಾಳಿ ಎಳೆದುಕೊಂಡು ನೀರಿನ ಜೊತೆ ಅರೆದು ಹಾಲಿನಂಥ ನೊರೆ ಮಾಡುತ್ತೆ. ಕೊಳೆ ಆ ನೊರೆಗೆ ಅಂಟಿ ಮೇಲಿನ ಬಟ್ಟಲಿಗೆ ಬಂದು ಬೀಳುತ್ತೆ. ಶುದ್ಧವಾದ ನೀರನ್ನು ಪಂಪ್ ಮತ್ತೆ ಮೇಲಕ್ಕೆ ತಳ್ಳುತ್ತೆ. ಈ ಸ್ಕಿಮ್ಮರ್ ಗಾಳಿ ಎಳೆಯುತ್ತೆ ಅನ್ನೋದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ.

ಎರಡೂ ಸೇರಿ 200 ಲೀಟರ್ ನೀರು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 7 ಕೆಜಿ ಉಪ್ಪು. ಅಡುಗೆ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೆರೆಸಿದ್ದು. ಅದರ ಬಿಲ್ ನೋಡಿ ಕುಮಟಾದಿಂದ ಬಂದ ನನ್ನ ಹೆಂಡತಿ "ನಮ್ಮೂರಲ್ಲಿ ಈ ದುಡ್ಡಿಗೆ ಒಂದು ಬುಟ್ಟಿ ಬಂಗುಡೆ ಬರ್ತದೆ, ಉಪ್ಪು ಪುಕ್ಕಟೆ" ಅಂದಳು. ಹವಳ ಇಡಲಿಲ್ಲ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಮನೆಯಲ್ಲಿಡೋ ಹಾಗಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಮಾಡಿದ ಒಣ ಕಲ್ಲು, ಬಿಳಿ ಮರಳು, ಅಷ್ಟೆ. ಆರು ವಾರ ಮೀನಿಲ್ಲದೆ ಖಾಲಿ ಓಡಿಸಿದೆ. ಮೀನಿನ ಹೇಲುಚ್ಚೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡೋಕೆ ಒಂದು ಗುಂಪಿನ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡೋಕೆ ಇನ್ನೊಂದು ಗುಂಪು. ಇವೆರಡೂ ಕಲ್ಲಲ್ಲಿ ಮನೆ ಮಾಡಿಕೊಳ್ಳೋವರೆಗೆ ಮೀನು ಬಿಡಬಾರದು. ಹೊಸ ತೊಟ್ಟಿಯಲ್ಲಿ ಮೀನು ಸಾಯೋದು ಹೆಚ್ಚಾಗಿ ಈ ಆತುರಕ್ಕೇ. ನಾನು ಆತುರ ಮಾಡಲಿಲ್ಲ ಅಂತ ನನಗೆ ಬಹಳ ಜಂಬ ಇತ್ತು.

ಆ ಜಂಬದಲ್ಲೇ ಗೌರಿ ಹಬ್ಬದ ದಿನ ಟೆಸ್ಟ್ ಕಿಟ್ ತೆಗೆದೆ. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ನೈಟ್ರೇಟ್ 10. ಪಿಎಚ್ 8.2. ಉಪ್ಪು ನೀರಿನ ಸಾಂದ್ರತೆ 1.025. ಶಾಖ 26 ಡಿಗ್ರಿ. ಪುಸ್ತಕದಲ್ಲಿ ಬರೆದ ಹಾಗೆ ಇತ್ತು. ಸತ್ತ ಮೀನನ್ನು ತುಳಸಿ ಕುಂಡದ ಪಕ್ಕದ ಕುಂಡದಲ್ಲಿ ಹೂತೆ. ತುಳಸಿ ಕುಂಡದಲ್ಲಿ ಬೇಡ ಅಂತ ಅಮ್ಮ ಕಿಟಕಿಯಿಂದಲೇ ಕೂಗಿ ಹೇಳಿದ್ದರು.

ಇನ್ನೊಂದು ಸಂಗತಿ ಆವತ್ತೇ ಕಣ್ಣಿಗೆ ಬಿದ್ದಿತ್ತು. ನಾಲ್ಕು ಸಣ್ಣ ಸನ್ಯಾಸಿ ಏಡಿಗಳಿದ್ದವು, ಬಸವನಹುಳುವಿನ ಖಾಲಿ ಚಿಪ್ಪಿನಲ್ಲಿ ವಾಸ ಮಾಡುವಂಥವು. ಅವುಗಳ ಕಾಲು, ದೇಹ ಚಿಪ್ಪಿನ ಹೊರಗೆ ಬಿದ್ದಿದ್ದವು. ಏಡಿ ಬೆಳೆಯುವಾಗ ಮೈಮೇಲಿನ ಪೊರೆ ಕಳಚುತ್ತೆ, ಆ ಪೊರೆ ನೋಡೋಕೆ ಥೇಟ್ ಸತ್ತ ಏಡಿಯ ಹಾಗೇ ಇರುತ್ತೆ. ಪೊರೆ ಬಿಟ್ಟಿವೆ ಅಂದುಕೊಂಡು ಸುಮ್ಮನಾದೆ. ನಾಲ್ಕೂ ಒಂದೇ ರಾತ್ರಿ ಪೊರೆ ಬಿಡ್ತಾವಾ? ಆ ಪ್ರಶ್ನೆ ನನಗೆ ಹೊಳೆಯೋಕೆ ಎರಡು ತಿಂಗಳು ಬೇಕಾಯ್ತು.

ಮೊದಲ ಅನುಮಾನ ಕರೆಂಟಿನ ಮೇಲೆ. ಆ ರಾತ್ರಿ ಒಂದು ಗಂಟೆ ಕರೆಂಟ್ ಹೋಗಿತ್ತು. ಉಪ್ಪು ನೀರು ಸಿಹಿ ನೀರಿನಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳೋದಿಲ್ಲ. 25 ಡಿಗ್ರಿಯಲ್ಲಿ ಸಿಹಿ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ ಸಮುದ್ರದ ನೀರು ಏಳರ ಒಳಗೇ. ಸರಿ, ನೀರು ತಿರುಗಿಸುವ ಪಂಪಿಗೆ ಯುಪಿಎಸ್ ಲೈನ್ ಎಳೆಸಿದೆ. ಎರಡನೇ ಅನುಮಾನ ರೋಗ. ಏದುಸಿರು, ಒಂದೇ ರಾತ್ರಿಗೆ ಸಾವು, ಇದು ವೆಲ್ವೆಟ್ ಇರಬೇಕು ಅಂತ ತೀರ್ಮಾನಿಸಿದೆ. ಕಣ್ಣಿಗೆ ಕಾಣದ ಪರಾವಲಂಬಿ ಕಿವಿರಿಗೆ ಅಂಟಿ ಮೀನನ್ನು ಉಸಿರು ಕಟ್ಟಿಸಿ ಕೊಲ್ಲುವ ಕಾಯಿಲೆ ಅದು. ಮೈಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಕಾಣುತ್ತೆ ಅಂತಾರೆ. ನಾನು ಎಷ್ಟು ಬಗ್ಗಿ ನೋಡಿದರೂ ಪುಡಿ ಕಾಣಲಿಲ್ಲ. ಆದರೂ ನಮಗೆ ಬೇಕಾದ ಉತ್ತರ ಸಿಕ್ಕಿದ ಮೇಲೆ ಪುಡಿ ಯಾಕೆ ಬೇಕು ಅಲ್ವಾ?

ಉಳಿದ ಕ್ಲೌನನ್ನು ಬೆಡ್‌ರೂಮಿನಲ್ಲಿ 40 ಲೀಟರಿನ ಪ್ಲಾಸ್ಟಿಕ್ ಟಬ್‌ಗೆ ಸಾಗಿಸಿ ತಾಮ್ರದ ಔಷಧಿ ಹಾಕಿದೆ. ಸಂಜೆಗೆಲ್ಲ ಚೇತರಿಸಿಕೊಂಡಿತು. ಮರುದಿನ ಗಣೇಶನ ಕಡುಬಿನ ಹೊತ್ತಿಗೆ ಊಟಕ್ಕೆ ಬಾಯಿ ತೆರೆಯಿತು. ಔಷಧಿ ಕೆಲಸ ಮಾಡಿತು ಅಂತ ಮನೆಗೆ ಬಂದವರಿಗೆಲ್ಲ ಹೇಳಿದೆ. 30 ದಿನ ಅಲ್ಲೇ ಇಟ್ಟೆ. ರೋಗಾಣು ಸಾಯಬೇಕಾದರೆ ದೊಡ್ಡ ತೊಟ್ಟಿಯನ್ನು ಆರು ವಾರಕ್ಕಿಂತ ಜಾಸ್ತಿ ಮೀನಿಲ್ಲದೆ ಬಿಡಬೇಕು ಅಂತಾರೆ. ನನಗೆ ಅಷ್ಟು ತಾಳ್ಮೆ ಎಲ್ಲಿ. ನವರಾತ್ರಿಯ ಮಧ್ಯದಲ್ಲಿ ಅದನ್ನ ವಾಪಸ್ ತೊಟ್ಟಿಗೆ ಬಿಟ್ಟು, ಜೊತೆಗೊಂದು ನೀಲಿ ಡ್ಯಾಮ್ಸೆಲ್ ತಂದೆ. ಡ್ಯಾಮ್ಸೆಲ್ ಕಲ್ಲು ಕುಟ್ಟಿದರೂ ಸಾಯದ ಮೀನು ಅಂತ ಹೆಸರುವಾಸಿ.

ಆಯುಧಪೂಜೆಯ ಬೆಳಿಗ್ಗೆ ಆ ಡ್ಯಾಮ್ಸೆಲ್ ಸತ್ತಿತ್ತು. ಕ್ಲೌನ್ ಮತ್ತೆ ಮೇಲ್ಗಡೆ ಮೂಲೆಯಲ್ಲಿ ಏದುಸಿರು ಬಿಡುತ್ತಿತ್ತು. ಸ್ಕೂಟರಿಗೆ ಕುಂಬಳಕಾಯಿ ಒಡೆಯೋದು ಬಿಟ್ಟು ಮತ್ತೆ ಟಬ್ ತೊಳೆದೆ. ತಾಮ್ರದ ಔಷಧಿ ಖಾಲಿಯಾಗಿತ್ತು, ಅಂಗಡಿಗೆ ರಜಾ. ಬರೀ ಹೊಸ ಉಪ್ಪು ನೀರು ಹಾಕಿ ಮೀನು ಬಿಟ್ಟೆ. ಸಂಜೆಗೆ ಚೇತರಿಸಿಕೊಂಡಿತು.

ಔಷಧಿ ಇಲ್ಲದೆ!

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಾಗಾದರೆ ಕಳೆದ ಸಲ ಉಳಿಸಿದ್ದು ತಾಮ್ರ ಅಲ್ಲ, ಟಬ್. ಮೀನು ಬದುಕಿದ್ದು ತೊಟ್ಟಿಯಿಂದ ಹೊರಗೆ ಬಂದಿದ್ದಕ್ಕೆ. ಅಂದರೆ ತೊಟ್ಟಿಯಲ್ಲೇ ಏನೋ ಇದೆ. ಹೀಟರ್ ಬದಲಾಯಿಸಿದೆ. ನೀರಿಗೆ ಟೆಸ್ಟರ್ ಹಾಕಿ ಕರೆಂಟ್ ಸೋರುತ್ತಾ ಅಂತ ನೋಡಿದೆ. ಗಾಜು ಒರೆಸುವ ಮ್ಯಾಗ್ನೆಟ್ ತುಕ್ಕು ಹಿಡಿದಿದೆಯಾ ಅಂತ ಸೀಳಿ ನೋಡಿ ಒಳ್ಳೆ ಮ್ಯಾಗ್ನೆಟ್ ಹಾಳು ಮಾಡಿದೆ. ತೊಟ್ಟಿಗೆ ಹಾಕುತ್ತಿದ್ದ ಅಡುಗೆಮನೆಯ ಆರ್‌ಒ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಲೆಕ್ಕ, ಅಳೆದರೆ 60 ಬಂತು. ಕುಡಿಯೋಕೆ ರುಚಿ ಇರಲಿ ಅಂತ ಆ ಮಿಷನ್ನುಗಳಲ್ಲಿ ಒಂದಿಷ್ಟು ನಲ್ಲಿ ನೀರು ಬೆರೆಸಿ ಬಿಡೋ ಸ್ಕ್ರೂ ಇರುತ್ತೆ. ಅದನ್ನ ತಿರುಗಿಸಿ ಮುಚ್ಚಿದೆ, ಮೂರು ದಿನ ಮನೆಯವರೆಲ್ಲ ಸಪ್ಪೆ ನೀರು ಕುಡಿದರು.

ಕೊನೆಗೆ ಆಫೀಸಿನ ಹಿರಿಯರೊಬ್ಬರು, ಇಪ್ಪತ್ತು ವರ್ಷದಿಂದ ಉಪ್ಪು ನೀರಿನ ತೊಟ್ಟಿ ಇಟ್ಟವರು, ಊಟದ ಡಬ್ಬಿ ಮುಚ್ಚುತ್ತಾ ಒಂದು ಮಾತು ಹೇಳಿದರು. "ಸೀಗಡಿ ಬಿಡಿ. ಮೀನಿನ ರೋಗ ಸೀಗಡಿಗೆ ತಗಲಲ್ಲ. ಸೀಗಡಿನೂ ಸತ್ತರೆ ರೋಗ ಅಲ್ಲ, ವಿಷ." ಸಾಯಲಿ ಅಂತ ಜೀವ ತರೋದು ಹೇಗೆ ಅನ್ನಿಸಿತು. ಆದರೂ ಎರಡು ಕ್ಲೀನರ್ ಸೀಗಡಿ ತಂದೆ. ಕೆಂಪು ಬೆನ್ನು, ನಡುವೆ ಉದ್ದಕ್ಕೆ ಬಿಳಿ ಗೆರೆ, ಉದ್ದುದ್ದ ಬಿಳಿ ಮೀಸೆ. ಕೈ ಅದ್ದಿದರೆ ಬಂದು ಉಗುರಿನ ಸಂದಿ ಕೆದಕುತ್ತಿದ್ದವು. ಕ್ಲೌನನ್ನೂ ವಾಪಸ್ ಬಿಟ್ಟೆ. ಎರಡು ವಾರ ಎಲ್ಲ ಚೆನ್ನಾಗಿತ್ತು. ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಹುಳುಗಳು, ಕೋಪೆಪಾಡ್‌ಗಳು, ಮತ್ತೆ ಓಡಾಡೋಕೆ ಶುರುವಾದವು. ಮತ್ತೆ ಅಂತ ಬರೆದ ಮೇಲೆ ನೆನಪಾಯಿತು, ಗೌರಿ ಹಬ್ಬದ ಮೊದಲೂ ಇದ್ದವು, ಆಮೇಲೆ ಮಾಯವಾಗಿದ್ದವು.

ಆಮೇಲೆ ದೀಪಾವಳಿ ಬಂತು. ನರಕ ಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬ. ಅಮ್ಮ ಹಂಡೆ ಬೆಳಗಿ, ಅರಿಶಿನ ಕುಂಕುಮ ಇಟ್ಟು, ನೀರು ತುಂಬಿಸಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಲೈಟ್ ಆರಿಸೋಕೆ ಹಾಲ್‌ಗೆ ಬಂದವನು ತೊಟ್ಟಿಯ ಕಡೆ ನೋಡಿದೆ. ಒಂದು ಸೀಗಡಿ ಬೆನ್ನ ಮೇಲೆ ಬಿದ್ದು ಅಷ್ಟೂ ಕಾಲುಗಳನ್ನು ಟೈಪ್ ಮಾಡುವವರ ಬೆರಳಿನ ಹಾಗೆ ಪಟಪಟ ಆಡಿಸುತ್ತಿತ್ತು. ಇನ್ನೊಂದು ಗಿರಗಿರ ತಿರುಗಿ ಕಲ್ಲಿಗೆ ಬಡಿದುಕೊಳ್ಳುತ್ತಿತ್ತು. ಗಾಜಿನ ಮೇಲೆ ಒಂದು ಹುಳುವೂ ಇಲ್ಲ. ಆದರೆ ತೊಟ್ಟಿಯಲ್ಲಿ ಮೊದಲಿಂದಲೂ ಇದ್ದ ಬಸವನಹುಳುಗಳು ಏನೂ ಆಗೇ ಇಲ್ಲ ಅನ್ನೋ ಹಾಗೆ ಪಾಚಿ ಮೇಯುತ್ತಿದ್ದವು.

ಕ್ಯಾಬಿನೆಟ್ ಬಾಗಿಲು ತೆಗೆದೆ. ಮೂಗಿಗೆ ಹೊಡೆಯಿತು. ಸೀಮೆಎಣ್ಣೆ ಜೊತೆ ನಿಂಬೆಹಣ್ಣು ಕಲಸಿದಂಥ ವಾಸನೆ. ಸಂಪ್ ಹಿಂದೆ ಮೂರು ಜಿರಲೆ ಅಂಗಾತ ಬಿದ್ದು, ಸೀಗಡಿಯ ಹಾಗೇ ಕಾಲು ಆಡಿಸುತ್ತಿದ್ದವು. ಥೇಟ್ ಅದೇ ರೀತಿ. ಮೇಲೊಂದು, ಕೆಳಗೊಂದು.

"ಅಮ್ಮಾ, ಇಲ್ಲೇನಾದರೂ ಹೊಡೆದ್ಯಾ?"

"ಹಬ್ಬ ಅಲ್ವೇನೋ, ಜಿರಲೆ ಇಟ್ಕೊಂಡು ದೀಪ ಹಚ್ಚೋಕಾಗುತ್ತಾ? ಎಲ್ಲ ನಿನ್ನ ಮೀನಿನ ಬೀರುವಲ್ಲೇ ಸೇರ್ಕೊಂಡಿದಾವೆ, ಬೆಚ್ಚಗಿರುತ್ತಲ್ಲ. ನೀರಿಗೆ ಒಂದು ಹನಿ ಬೀಳಿಸಿಲ್ಲ ಕಣೋ. ಹಿಂದಿನ ಗೋಡೆಗೆ ಹೊಡೆದು ಬಾಗಿಲು ಹಾಕಿದೆ, ನಿಂಗೆ ವಾಸನೆ ಬರಬಾರದು ಅಂತ."

ಗೌರಿ ಹಬ್ಬ. ಆಯುಧಪೂಜೆ. ದೀಪಾವಳಿ. ಪ್ರತಿ ಹಬ್ಬದ ಹಿಂದಿನ ರಾತ್ರಿ ಮನೆ ಚೊಕ್ಕಟ ಮಾಡಿ, ಕೊನೆಗೆ ಮೀನಿನ ಬೀರುವಿಗೆ ಒಂದು ಸುತ್ತು ಸ್ಪ್ರೇ. ಬಾಗಿಲು ಮುಚ್ಚಿದ ಆ ಪೆಟ್ಟಿಗೆಯೊಳಗೆ ಸ್ಕಿಮ್ಮರ್ ರಾತ್ರಿಯೆಲ್ಲ ಅದೇ ಗಾಳಿಯನ್ನು ಎಳೆದು, ನೀರಿಗೆ ಅರೆದು, ಮೇಲಕ್ಕೆ ಕಳಿಸುತ್ತಿತ್ತು. ವಿಷ ಬೆರೆಸೋಕೆ ಇದಕ್ಕಿಂತ ಒಳ್ಳೆ ಯಂತ್ರ ಯಾರೂ ಮಾಡೋಕಾಗಲ್ಲ. ನನ್ನ ಟೆಸ್ಟ್ ಕಿಟ್‌ಗಳಲ್ಲಿ ಒಂದಕ್ಕೂ ಇದು ಗೊತ್ತಾಗೋದಿಲ್ಲ.

ಡಬ್ಬಿ ಹಿಡಿದು ಸಣ್ಣಕ್ಷರ ಓದಿದೆ. ಸೈಪರ್‌ಮೆಥ್ರಿನ್ ಅಂತ ಇತ್ತು. ಸೇವಂತಿಗೆಯ ದಾಯಾದಿ ಹೂವೊಂದರಲ್ಲಿರುವ ಕೀಟನಾಶಕವನ್ನು ನೋಡಿ ಮನುಷ್ಯರು ಮಾಡಿಕೊಂಡ ರಾಸಾಯನಿಕಗಳ ಗುಂಪಿನದು. ನಮ್ಮ ಮೈ ಇದನ್ನ ಬೇಗ ಒಡೆದು ಹೊರಗೆ ಹಾಕುತ್ತೆ, ಮೀನಿಗೆ ಆ ಶಕ್ತಿ ತೀರಾ ಕಮ್ಮಿ. ಸೀಗಡಿ, ಏಡಿಗಳಂತೂ ಜಿರಲೆಗೆ ನೆಂಟರೇ, ಅವುಗಳಿಗೆ ಇನ್ನೂ ಬೇಗ. ಸಾಲ್ಮನ್ ಸಾಕುವ ಕಡೆ ಮೀನಿನ ಮೈಗೆ ಅಂಟುವ ಸಮುದ್ರದ ಹೇನನ್ನು ಕೊಲ್ಲೋಕೆ ಇದನ್ನೇ ಅಳೆದು ತೂಗಿ ಬಳಸಿದ್ದಾರೆ, ಆ ಹೇನೂ ಸೀಗಡಿಯ ಕುಲದ್ದೇ. ಬಸವನಹುಳುಗಳಿಗೆ ಮಾತ್ರ ಇದು ಅಷ್ಟು ನಾಟೋದಿಲ್ಲ. ತಾಮ್ರ ಬಿದ್ದಿದ್ದರೆ ಮೊದಲು ಹೋಗುತ್ತಿದ್ದಿದ್ದೇ ಅವು. ಮೂರು ಸಲವೂ ಅವು ಆರಾಮಾಗಿದ್ದು ನನ್ನ ಕಣ್ಣೆದುರಿಗೇ ಇತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಸ್ಕಿಮ್ಮರ್ ಆರಿಸಿದೆ. ನೀರಿನ ಕಲ್ಮಶ ಹೀರುವ ಇದ್ದಿಲು, ಇದ್ದಬದ್ದ ಆಕ್ಟಿವೇಟೆಡ್ ಕಾರ್ಬನ್ನನ್ನೆಲ್ಲ ಚೀಲಕ್ಕೆ ತುಂಬಿ ಸಂಪ್‌ನಲ್ಲಿ ಇಳಿಬಿಟ್ಟೆ. ಕ್ಲೌನ್ ಮತ್ತೆ ಟಬ್‌ಗೆ ಹೋಯಿತು, ದಾರಿ ಅದಕ್ಕೆ ಗೊತ್ತಿತ್ತು. ಇನ್ನು ನೀರು ಬದಲಾಯಿಸಬೇಕು, ಕಮ್ಮಿ ಅಂದರೂ ನೂರು ಲೀಟರ್. ಬಕೆಟ್‌ಗಳು ಸಾಲಲಿಲ್ಲ. ಅಮ್ಮ ಅಪರಾಧಿ ಮುಖ ಮಾಡಿಕೊಂಡು ಬಚ್ಚಲಮನೆ ಬಾಗಿಲಲ್ಲಿ ನಿಂತಿದ್ದರು. "ಬೇಕಾದ್ರೆ ಹಂಡೆ ತಗೋ. ಪೂಜೆ ಆಮೇಲೆ ಮಾಡಿದ್ರಾಯ್ತು" ಅಂದರು. ಹೊಳೆಯುವ ತಾಮ್ರದ ಹಂಡೆ! "ಅಯ್ಯೋ ಬೇಡಮ್ಮಾ" ಅಂತ ನಾನು ಕಿರುಚಿದ ರಭಸಕ್ಕೆ ಹೆಂಡತಿ ಎದ್ದು ಬಂದಳು. ಉಪ್ಪು ನೀರು ತಾಮ್ರಕ್ಕೆ ತಗುಲಿದರೆ ಬಸವನಹುಳುಗಳೂ ಉಳಿಯುತ್ತಿರಲಿಲ್ಲ. ಕೊನೆಗೆ ಅಕ್ಕಿ ಹಾಕಿಡುವ ಪ್ಲಾಸ್ಟಿಕ್ ಡ್ರಮ್ ಖಾಲಿ ಮಾಡಿಕೊಟ್ಟಳು. ಊರೆಲ್ಲ ನಾಳೆಯ ಎಣ್ಣೆಸ್ನಾನಕ್ಕೆ ನೀರು ತುಂಬಿ ಮಲಗಿದ ರಾತ್ರಿ, ನಾವು ಮೂವರು ಎರಡು ಗಂಟೆಯವರೆಗೆ ಕೋಲಿನಲ್ಲಿ ಉಪ್ಪು ಕದಡುತ್ತಾ ಕೂತಿದ್ದೆವು.

ಸೀಗಡಿಗಳು ಉಳಿಯಲಿಲ್ಲ. ಮೇಲಿನ ಮರಳು ತೆಗೆದು ಬಿಸಾಕಿದೆ, ವಾರಕ್ಕೆರಡು ಸಲ ನೀರು ಬದಲಾಯಿಸಿದೆ, ಕಾರ್ಬನ್ ಮೂರು ಸಲ. ಸ್ಕಿಮ್ಮರ್‌ನ ಗಾಳಿ ಪೈಪಿಗೆ ನಾಲ್ಕು ಮೀಟರ್ ಉದ್ದದ ಟ್ಯೂಬ್ ಸಿಕ್ಕಿಸಿ ಕಿಟಕಿಯ ಹೊರಗೆ ಬಿಟ್ಟಿದ್ದೇನೆ. ಆ ಕ್ಲೌನ್ ಈಗ ಒಂಟಿ. ಕ್ಲೌನ್‌ಗಳೆಲ್ಲ ಗಂಡಾಗಿ ಶುರುವಾಗಿ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ಸತ್ತಿದ್ದು ದೊಡ್ಡದು. ಹಾಗಾಗಿ ಇದು ಈಗ ಹೆಣ್ಣಾಗುವ ದಾರಿಯಲ್ಲಿರಬೇಕು. ಅದಕ್ಕೊಂದು ಸಣ್ಣ ಜೋಡಿ ನೋಡಬೇಕು.

ಸಂಕ್ರಾಂತಿಯ ಹಿಂದಿನ ರಾತ್ರಿ ಎಳ್ಳು ಬೆಲ್ಲ ಬೆರೆಸುವ ಸದ್ದಿನ ನಡುವೆ ಹಾಲ್‌ನಿಂದ ಧಡ್ ಅಂತ ಕೇಳಿತು. ಓಡಿ ಬಂದು ನೋಡಿದರೆ ಮೀನಿನ ಬೀರುವಿನ ಬಾಗಿಲು ತೆರೆದಿತ್ತು. ಅಮ್ಮ ನನ್ನ ಬಾತ್‌ರೂಮ್ ಚಪ್ಪಲಿ ಹಿಡಿದು ಮಂಡಿಯೂರಿ ಕೂತಿದ್ದರು.

"ಸುಮ್ನಿರು, ಇನ್ನೊಂದಿದೆ" ಅಂದರು.