ಪಟ್ಟಿಯಲ್ಲೇ ಇಲ್ಲದ ಯಂತ್ರ

ನಮ್ಮ ಕಚೇರಿಯ ಸರ್ವರ್‌ನಲ್ಲಿ ಪ್ರಾಕ್ಸ್‌ಮಾಕ್ಸ್ ಇದೆ, ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು (ವರ್ಚುವಲ್ ಯಂತ್ರಗಳನ್ನು) ನಡೆಸುವ ತಂತ್ರಾಂಶ. ಅದರ ಮೇಲೆ 101ರಿಂದ 114ರವರೆಗೆ ಸಂಖ್ಯೆ ಹೊತ್ತ 14 ವರ್ಚುವಲ್ ಯಂತ್ರಗಳು. ರಾತ್ರಿ ಒಂದೂವರೆಗೆ ಬ್ಯಾಕಪ್ ಶುರುವಾಗುತ್ತದೆ. ವಿಫಲವಾದರೆ ಮಾತ್ರ ಮೇಲ್ ಬರಲಿ ಎಂದು ನಾನೇ ಹೊಂದಿಸಿದ್ದೆ. ಮೇಲ್ ಬರುತ್ತಿರಲಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿತ್ತು.

ಜೂನ್‌ನಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಬಂದು, "ನೋಡಪ್ಪ, ಹೋದ ವಾರದ ಕಡತವೊಂದು ಅಳಿಸಿಹೋಗಿದೆ, ತೆಗೆದುಕೊಡುತ್ತೀಯಾ?" ಎಂದರು. "ಐದು ನಿಮಿಷ ಸರ್" ಎಂದೆ. ಬ್ಯಾಕಪ್ ಫೋಲ್ಡರ್ ತೆರೆದರೆ 113ರವರೆಗೆ ಎಲ್ಲವೂ ಇದ್ದವು. ಅವರ ಯಂತ್ರ 114. ಜನವರಿಯಲ್ಲಿ ಅದನ್ನು ಕಟ್ಟಿದವನು ನಾನು, ಬ್ಯಾಕಪ್ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಲು ಮರೆತವನೂ ನಾನೇ. ಬ್ಯಾಕಪ್ ವಿಫಲವಾಗಿರಲಿಲ್ಲ, ಅದನ್ನು ಮಾಡೆಂದು ಯಾರೂ ಹೇಳಿಯೇ ಇರಲಿಲ್ಲ. ಎರಡು ದಿನ ನಾನು ಕಾಗದದ ಬಿಲ್ಲುಗಳನ್ನು ಓದಿ ಹೇಳಿದೆ, ಅವರು ಟೈಪ್ ಮಾಡಿದರು.

ಆಮೇಲೆ ಬರೆದದ್ದು ನಲವತ್ತು ಸಾಲಿನ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಸರ್ವರ್ ತಾನೇ ಓಡಿಸುವ ಆದೇಶಗಳ ಸರಣಿ. ಬ್ಯಾಕಪ್‌ನ ವರದಿ ದಾಖಲಾಗುವ ಲಾಗ್‌ನಲ್ಲಿ ಎರರ್ ಎಂಬ ಪದ ಹುಡುಕುವ ಹಳೆಯ ಚಾಳಿಯನ್ನು ಬಿಟ್ಟೆ. ಇದು 'ಕ್ಯೂಎಂ ಲಿಸ್ಟ್' ಆದೇಶದಿಂದ ಹೊರಡುತ್ತದೆ: ಇರುವ ಯಂತ್ರಗಳನ್ನೆಲ್ಲ ಎಣಿಸಿ, ಒಂದೊಂದರ ಹೆಸರಿನಲ್ಲೂ ಹೊಸ ಬ್ಯಾಕಪ್ ಫೈಲ್ ಇದೆಯೇ ಎಂದು ನೋಡುತ್ತದೆ. 26 ಗಂಟೆಗಿಂತ ಹಳೆಯದಾಗಿದ್ದರೆ ದೂರು. 24 ಎಂದೇ ಮೊದಲು ಇಟ್ಟಿದ್ದೆ. ಆದರೆ ಯಂತ್ರಗಳ ಬ್ಯಾಕಪ್ ಒಂದರ ಹಿಂದೊಂದು ನಡೆಯುವುದರಿಂದ ಮುಗಿಯುವ ಹೊತ್ತು ದಿನವೂ ಅತ್ತಿತ್ತ ಸರಿಯುತ್ತದೆ. ಸುಳ್ಳು ದೂರು ನಾಲ್ಕು ಸಲ ಬಂದರೆ ಐದನೆಯದನ್ನು ನಾನು ಓದುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ಇನ್ನೊಂದು ಸಾಲು ಗಾತ್ರವನ್ನು ಹಿಂದಿನ ದಿನದ್ದರೊಂದಿಗೆ ಹೋಲಿಸುತ್ತದೆ. ಸುಮ್ಮನೆ ಸೇರಿಸಿದ್ದು. ಮೊದಲ ವಾರದಲ್ಲೇ 109ರ ಫೈಲ್ 18 ಜಿಬಿಯಿಂದ 3 ಜಿಬಿಗೆ ಇಳಿಯಿತು. ಡೇಟಾಬೇಸನ್ನು ಬೇರೆ ಡಿಸ್ಕ್‌ಗೆ ಸಾಗಿಸಿದ್ದೆವು. ಆ ಡಿಸ್ಕ್‌ಗೆ ಬ್ಯಾಕಪ್ ಬೇಡವೆಂದು ಹಿಂದೆಂದೋ ಪ್ರಯೋಗಕ್ಕಾಗಿ ಗುರುತು ತೆಗೆದವನು ಯಾರೆಂದು ಹೇಳಬೇಕಾಗಿಲ್ಲ. ಲಾಗ್ ಮಾತ್ರ ಎಲ್ಲವೂ ಯಶಸ್ವಿ ಎನ್ನುತ್ತಿತ್ತು.

ಬ್ಯಾಕಪ್ ಹೋಗಿ ಕೂರುವ ನೆಟ್‌ವರ್ಕ್ ಸಂಗ್ರಹ ಸರ್ವರ್‌ಗೆ ಮೌಂಟ್ ಆಗಿದೆಯೇ, ಅಂದರೆ ಫೋಲ್ಡರಾಗಿ ಜೋಡಣೆಯಾಗಿದೆಯೇ, ಎಂಬುದನ್ನು ಎಲ್ಲಕ್ಕಿಂತ ಮೊದಲೇ ನೋಡಬೇಕು. ಜೋಡಣೆಯಾಗದಿದ್ದರೆ ಬ್ಯಾಕಪ್ ಅದೇ ಹೆಸರಿನ ಖಾಲಿ ಫೋಲ್ಡರಿಗೆ ಬರೆದು ಸರ್ವರ್‌ನ ಸ್ವಂತ ಡಿಸ್ಕ್ ತುಂಬಬಹುದು.

ಈಗ ಬೆಳಿಗ್ಗೆ ಏಳೂವರೆಗೆ ಮೊಬೈಲಿಗೆ ಸಂದೇಶ ಬರುತ್ತದೆ: "14ಕ್ಕೆ 14". ಎಲ್ಲವೂ ಸರಿಯಿದ್ದರೂ ಬರಬೇಕು. ಕಾಫಿ ಮುಗಿಯುವುದರೊಳಗೆ ಬರದಿದ್ದರೆ ಸ್ಕ್ರಿಪ್ಟೇ ಸತ್ತಿದೆ ಎಂದು ತಿಳಿದು ಲ್ಯಾಪ್‌ಟಾಪ್ ತೆಗೆಯುತ್ತೇನೆ. ಮನೆಯವಳು ಈಗ ನನಗಿಂತ ಮೊದಲೇ, "ನಿಮ್ಮ ಹದಿನಾಲ್ಕು ಬಂತಾ?" ಎಂದು ಕೇಳುತ್ತಾಳೆ.

ತಿಂಗಳಿಗೊಮ್ಮೆ ಒಂದು ಬ್ಯಾಕಪ್ಪನ್ನು ಬೇರೆ ಸಂಖ್ಯೆಗೆ ಮರುಸ್ಥಾಪಿಸಿ, ಮೂಲ ಯಂತ್ರದೊಂದಿಗೆ ಐಪಿ (ನೆಟ್‌ವರ್ಕ್ ವಿಳಾಸದ) ಜಗಳವಾಗದಂತೆ ನೆಟ್‌ವರ್ಕ್ ಕಡಿದು, ಚಾಲೂ ಮಾಡಿ ನೋಡುತ್ತೇನೆ. ಹೋದ ಶನಿವಾರ 114ರ ಸರದಿ. ಹಿರಿಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕಡತ ತೆರೆದುಕೊಂಡಿತು. ಅವರು ಮೊತ್ತವನ್ನು ಬೆರಳಿಟ್ಟು ಎರಡು ಸಲ ಕೂಡಿ ನೋಡಿ, ಏನೂ ಹೇಳದೆ ಎದ್ದು ಊಟಕ್ಕೆ ಹೋದರು.