ಅಡುಗೆ ಪೋಸ್ಟ್‌ಗೆ ಗೂಢಚಾರರ ಲೈಕ್

ಸರ್ಕಾರ ಕದ್ದುಮುಚ್ಚಿ ಪ್ರಚಾರ ಮಾಡುತ್ತದೆ ಅಂದಕೂಡಲೇ ಸುಳ್ಳು ಸುದ್ದಿ, ತಿರುಚಿದ ಫೋಟೊ, ಬೈಗುಳದ ಕಾಮೆಂಟು ನೆನಪಾಗುತ್ತವೆ. ದಕ್ಷಿಣ ಕೊರಿಯಾದ ಗುಪ್ತಚರ ಸಂಸ್ಥೆ ಎನ್‌ಐಎಸ್ 2012ರ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಅದನ್ನೂ ಮಾಡಿತು. ಆದರೆ ಅದರ ಜಾಣ ಕೆಲಸ ಬೇರೆಯೇ ಇತ್ತು: ಅಡುಗೆ ಮತ್ತು ಸಿನಿಮಾ ತಾರೆಯರ ಪೋಸ್ಟುಗಳಿಗೆ ಲೈಕ್ ಒತ್ತುವುದು.

'ಇಂದಿನ ಹಾಸ್ಯ' ಎಂಬರ್ಥದ ಹೆಸರಿನ ಕೊರಿಯನ್ ಜಾಲತಾಣವೊಂದಿದೆ. ಅಲ್ಲಿ ಓದುಗರ ಮೆಚ್ಚುಗೆ ಒಂದು ಮಟ್ಟ ದಾಟಿದ ಪೋಸ್ಟು 'ಬೆಸ್ಟ್' ಪಟ್ಟಿಗೆ ಏರುತ್ತದೆ, ಇನ್ನೂ ಹೆಚ್ಚಾದರೆ ಅದರ ಮೇಲಿನ ಪಟ್ಟಿಗೆ. ಬಹಳ ಜನ ಓದುವುದು ಆ ಪಟ್ಟಿಗಳನ್ನೇ. ಸರ್ಕಾರವನ್ನು ಟೀಕಿಸುವ ಪೋಸ್ಟು ಮೇಲೇರುತ್ತಿದೆ ಅನ್ನಿ. ಅದಕ್ಕೆ ಉತ್ತರ ಬರೆದರೆ ಜಗಳ ಹತ್ತುತ್ತದೆ, ಜಗಳ ನೋಡಲು ಜನ ಸೇರುತ್ತಾರೆ, ಪೋಸ್ಟು ಇನ್ನೂ ಮೇಲೇರುತ್ತದೆ. ಅದರ ಬದಲು ಅದಕ್ಕೆ ನಾಲ್ಕಾರು ವಿರೋಧದ ಕ್ಲಿಕ್, ಪಕ್ಕದ ಅಡುಗೆ ಪೋಸ್ಟಿಗೆ ನಾಲ್ಕಾರು ಮೆಚ್ಚುಗೆ. ಪಟ್ಟಿಯಲ್ಲಿ ಜಾಗ ಇರುವುದೇ ಇಷ್ಟು, ಹೊಸದು ಬಂದಂತೆ ಹಳೆಯದು ಕೆಳಗಿಳಿಯುತ್ತದೆ. ಯಾರೂ ಏನನ್ನೂ ಅಳಿಸಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಗುಂಪಿನಲ್ಲಿ ಗೋವಿಂದ.

ಲಕ್ಷಗಟ್ಟಲೆ ಲೈಕ್ ಬೇಕಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. ಹೊಸ್ತಿಲಿನ ಹತ್ತಿರ ಇರುವ ಪೋಸ್ಟನ್ನು ಆಚೆ ಈಚೆ ದಬ್ಬಲು ಕೈಬೆರಳೆಣಿಕೆಯ ಕ್ಲಿಕ್ ಸಾಕು. 2013ರ ಜನವರಿಯಲ್ಲಿ ಪೊಲೀಸರು ಹೇಳಿದ ಪ್ರಕಾರ ಒಬ್ಬಳೇ ಏಜೆಂಟ್ ಬಳಸಿದ್ದು 16 ಐಡಿ.

ಆಕೆ ಸಿಕ್ಕಿಬಿದ್ದದ್ದು 2012ರ ಡಿಸೆಂಬರ್ 11ರಂದು, ಮತದಾನಕ್ಕೆ ಎಂಟು ದಿನ ಬಾಕಿ ಇರುವಾಗ. ಸೋಲ್‌ನ ಗಂಗ್ನಮ್ ಪ್ರದೇಶದ ಒಂದು ಕೊಠಡಿಯ ಬಾಗಿಲಿಗೆ ವಿರೋಧ ಪಕ್ಷದವರು ಬಂದು ನಿಂತರು, ಆಕೆ ಒಳಗಿಂದ ಚಿಲಕ ಹಾಕಿಕೊಂಡು ಮೂರನೇ ದಿನಕ್ಕೆ ಹೊರಬಂದಳು. ಡಿಸೆಂಬರ್ 16ರಂದು ಅಭ್ಯರ್ಥಿಗಳ ಕೊನೆಯ ಟಿವಿ ಚರ್ಚೆ ಮುಗಿದ ಮೇಲೆ, ರಾತ್ರಿ 11ಕ್ಕೆ, ಕಾಮೆಂಟು ಬರೆದ ಕುರುಹು ಸಿಕ್ಕಿಲ್ಲ ಎಂದು ಪೊಲೀಸರು ಪ್ರಕಟಣೆ ಕೊಟ್ಟರು. ಭಾನುವಾರ ರಾತ್ರಿ 11 ಗಂಟೆಗೆ! 19ರಂದು ಆಳುವ ಪಕ್ಷದ ಪಾರ್ಕ್ ಗುನ್ ಹೇ ಶೇ. 51.6 ಮತ ಪಡೆದು ಗೆದ್ದರು, ವಿರೋಧ ಪಕ್ಷದ ಮೂನ್ ಜೇ ಇನ್‌ಗೆ ಶೇ. 48. ಕ್ಲಿಕ್ಕುಗಳು ಫಲಿತಾಂಶ ಬದಲಿಸಿದವೇ ಎಂಬುದನ್ನು ಅಳೆಯಲಾಗದು. ಅಳೆಯಬಹುದು ಅನ್ನುವವರನ್ನು ನಾನು ನಂಬುವುದಿಲ್ಲ.

ಇದನ್ನು ನಮ್ಮ ಪಕ್ಷಗಳ ಐಟಿ ಸೆಲ್ ಜೊತೆ ಹೋಲಿಸುವವರಿದ್ದಾರೆ. ಪಕ್ಷದ ಐಟಿ ಸೆಲ್ ಪಕ್ಷದ ಪ್ರಚಾರ ಮಾಡುವುದು ಒಂದು ಮಾತು. ಎನ್‌ಐಎಸ್‌ನವರು ತೆರಿಗೆ ದುಡ್ಡಿನ ಸಂಬಳ ತಿನ್ನುವವರು, ರಾಜಕೀಯದಲ್ಲಿ ಕೈಹಾಕಬಾರದೆಂದು ಆಗಿನ ಎನ್‌ಐಎಸ್ ಕಾಯ್ದೆಯ 9ನೇ ಕಲಮೇ ಹೇಳುತ್ತಿತ್ತು. ಸಂಸ್ಥೆಯಲ್ಲಿ ಮಾನಸಿಕ ಸಮರ ವಿಭಾಗ ಎಂದೇ ಒಂದಿತ್ತು, ಕಾಗದದ ಮೇಲೆ ಅದರ ಗುರಿ ಉತ್ತರ ಕೊರಿಯಾ. ಮುಖ್ಯಸ್ಥ ವೋನ್ ಸೇ ಹೂನ್ ಸಭೆಯಲ್ಲಿ ಆಡಿದ ಮಾತು 'ನಿರ್ದೇಶಕರ ಸೂಚನೆ'ಯಾಗಿ ಒಳಜಾಲಕ್ಕೆ ಏರುತ್ತಿತ್ತು, ಅದರಿಂದ ದಿನದ 'ವಿಷಯ ಮತ್ತು ವಾದದ ಅಂಶ' ತಯಾರಾಗಿ ಕೆಳಗಿಳಿಯುತ್ತಿತ್ತು. ವಿಭಾಗದ 5ನೇ ತಂಡಕ್ಕೆ ಟ್ವಿಟರ್ ಹೊಣೆ. ಹೊರಗಿನ ನಾಗರಿಕರದ್ದೂ 30ರವರೆಗೆ ತಂಡಗಳಿದ್ದವು, 3,500ರಷ್ಟು ಜನ ಎಂದು 2017ರಲ್ಲಿ ಸಂಸ್ಥೆಯೇ ನಡೆಸಿದ ಆಂತರಿಕ ತನಿಖೆಯಲ್ಲಿ ಹೊರಬಿತ್ತು.

ಟ್ವಿಟರ್‌ನಲ್ಲಿ ಎಡವಿದ್ದು ಸೋಮಾರಿತನದಿಂದ. ಒಂದು ಖಾತೆಯಲ್ಲಿ ಬರೆದದ್ದನ್ನು ಸಾಫ್ಟ್‌ವೇರ್ ಉಳಿದ ಖಾತೆಗಳಿಂದಲೂ ಬಿಡುತ್ತಿತ್ತು. ಅದೇ ಸಾಲು, ಅದೇ ಹೊತ್ತು, ಬೇರೆ ಬೇರೆ ಹೆಸರು. ಡಿಸೆಂಬರ್ 11ರ ಗಲಾಟೆಯಾದದ್ದೇ ತಡ, ಖಾತೆಗಳು ಒಟ್ಟಿಗೇ ಮೌನವಾದವು. ಬರೆದದ್ದಕ್ಕಿಂತ ಈ ಮೌನವೇ ಹೆಚ್ಚು ಚಾಡಿ ಹೇಳಿತು.

ಇನ್ನು ವೋನ್ ಮೇಲಿನ ಕೇಸು, ಕೋರ್ಟಿನಲ್ಲಿ. ಒಬ್ಬ ಅಧಿಕಾರಿ ತನಗೆ ತಾನೇ ಮೇಲ್ ಮಾಡಿಕೊಂಡಿದ್ದ ಎರಡು ಟೆಕ್ಸ್ಟ್ ಫೈಲ್ ಸಿಕ್ಕಿದವು. 'ಸೆಕ್ಯುರಿಟಿ' ಎಂಬುದರಲ್ಲಿ 269 ಟ್ವಿಟರ್ ಖಾತೆ. '425 ಜಿನೊನ್' ಎಂಬುದರಲ್ಲಿ ವಾದದ ಅಂಶಗಳು, ಜೊತೆಗೆ ಪ್ರವಾಸದ ಮಾಹಿತಿಯಂಥ ಸ್ವಂತದ ಟಿಪ್ಪಣಿ. ಬರೆದದ್ದು ತಾನೆಂದು ನೆನಪಿಲ್ಲ ಎಂದು ಆತ ಸಾಕ್ಷಿ ಕಟ್ಟೆಯಲ್ಲಿ ಹೇಳಿದ. ಬರೆದವನೇ ಒಪ್ಪದ ಹೊರತು ಅಂಥ ದಾಖಲೆಯನ್ನು ಪುರಾವೆಯಾಗಿ ತೆಗೆದುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ಆಗಿನ ನಿಯಮ. ಕಚೇರಿಯ ನಿತ್ಯದ ಕಡತ ಎಂದು ಒಪ್ಪಿಸೋಣವೆಂದರೆ, ನಡುವೆ ಪ್ರವಾಸದ ಮಾಹಿತಿ! ಹೀಗೆ ಮೊದಲ ಕೋರ್ಟು ಒಪ್ಪಿದ್ದು 175 ಖಾತೆ, ಫೈಲುಗಳನ್ನು ಒಪ್ಪಿದ ಹೈಕೋರ್ಟು 716. ಸುಪ್ರೀಂ ಕೋರ್ಟು 2015ರ ಜುಲೈಯಲ್ಲಿ ಆ ಫೈಲುಗಳನ್ನು ತಳ್ಳಿಹಾಕಿ ಕೇಸು ವಾಪಸು ಕಳಿಸಿತು, ಕೊನೆಗೆ ನಿಂತದ್ದು 391 ಖಾತೆ, 2.88 ಲಕ್ಷ ಟ್ವೀಟು. ವೋನ್‌ಗೆ 4 ವರ್ಷದ ಸೆರೆ 2018ರ ಏಪ್ರಿಲ್‌ನಲ್ಲಿ ಖಾಯಂ ಆಯಿತು. ಅಷ್ಟರಲ್ಲಿ, 2016ರಲ್ಲಿ, ಡಿಜಿಟಲ್ ಪರೀಕ್ಷೆಯಿಂದ ಬರೆದವನನ್ನು ಗುರುತಿಸಿದರೂ ಸಾಕು ಎಂದು ಕಾನೂನು ತಿದ್ದಿಯಾಗಿತ್ತು.

ಪಟ್ಟಿ ತುಂಬಿಸಿ ವಿಷಯ ಮುಳುಗಿಸುವ ಈ ಉಪಾಯ ಚೀನಾದಲ್ಲಿ ದೊಡ್ಡ ಪ್ರಮಾಣದಲ್ಲಿದೆ. ಜಿಯಾಂಗ್ಶಿ ಪ್ರಾಂತದ ಜಾಂಗ್ಗಾಂಗ್ ಜಿಲ್ಲೆಯ ಪ್ರಚಾರ ಕಚೇರಿಯ ಮೇಲ್‌ಗಳು 2014ರ ಕೊನೆಗೆ ಸೋರಿದವು. ಅವುಗಳಲ್ಲಿ ಸಿಕ್ಕಿದ್ದು 43 ಸಾವಿರ ಚಿಲ್ಲರೆ ಪೋಸ್ಟು. ಹೆಚ್ಚಿನವರು ಬಾಡಿಗೆ ಹುಡುಗರಲ್ಲ, ಸರ್ಕಾರಿ ನೌಕರರು. ಇಷ್ಟು ಬರೆದೆವು ಎಂದು ಮೇಲಿನವರಿಗೆ ಲೆಕ್ಕ ಒಪ್ಪಿಸಿದ್ದರಿಂದಲೇ ಲೋಕಕ್ಕೆ ಗೊತ್ತಾಯಿತು. ವಿರೋಧಿಗಳ ಜೊತೆ ವಾದವೇ ಇಲ್ಲ, ಬರೀ ದೇಶದ ಹೊಗಳಿಕೆ, ಹುತಾತ್ಮರ ಸ್ಮರಣೆ.

ಕೊರಿಯಾಕ್ಕೆ ಮರಳಿದರೆ, 2018ರಲ್ಲಿ ಅದೇ ಆಟ ಎದುರು ಪಾಳಯದಲ್ಲಿ ಸಿಕ್ಕಿತು. ಕೊರಿಯಾದ ದೊಡ್ಡ ಜಾಲತಾಣ ನೇವರ್‌ನ ಸುದ್ದಿಯ ಕಾಮೆಂಟುಗಳನ್ನು ಯಾರೋ ಯಂತ್ರದಿಂದ ಮೇಲೇರಿಸುತ್ತಿದ್ದಾರೆ ಎಂದು ಮೂನ್ ಅವರ ಪಕ್ಷವೇ ದೂರು ಕೊಟ್ಟಿತು. ಹಿಡಿದು ನೋಡಿದರೆ ಅವರದೇ ಬೆಂಬಲಿಗ, ಕೊನೆಗೆ ಮೂನ್ ಆಪ್ತರಾಗಿದ್ದ ಪ್ರಾಂತದ ಗವರ್ನರ್ ಕಿಮ್ ಕ್ಯೊಂಗ್ ಸೂ ಜೈಲಿಗೆ ಹೋದರು. ಮೊದಲಿಗೆ ಸಿಕ್ಕ ಪ್ರಕರಣದಲ್ಲಿ ಬಳಸಿದ್ದು 614 ಐಡಿ. ನೇವರ್ ಆ ಏಪ್ರಿಲ್‌ನಲ್ಲೇ ಒಂದು ಐಡಿಗೆ ದಿನಕ್ಕೆ 50 ಲೈಕ್ ಅಥವಾ ಡಿಸ್‌ಲೈಕ್ ಎಂದು ಮಿತಿ ಹಾಕಿತು. ಗುಣಿಸಿ ನೋಡಿ: 614 ಐಡಿ ಕೈಯಲ್ಲಿದ್ದವನಿಗೆ ಆಮೇಲೂ ದಿನಕ್ಕೆ 30,700 ಕ್ಲಿಕ್.