ಲೇಸರ್ ಹೊಗೆಯ ಹಿಂದೆ ಒಂದು ಮಧ್ಯಾಹ್ನ

ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಅಕ್ಕನ ಮಗ ನಡೆಸುವ ಫ್ಯಾಬ್ರಿಕೇಷನ್ ಶೆಡ್ಡಿಗೆ ಕಳೆದ ಬೇಸಿಗೆಯಲ್ಲಿ ಲೋಹದ ತಗಡು ಕತ್ತರಿಸುವ ಫೈಬರ್ ಲೇಸರ್ ಯಂತ್ರ ಬಂತು. ಅಣುವಿದ್ಯುತ್ ಸ್ಥಾವರದ ನಿರ್ವಹಣಾ ವಿಭಾಗದಲ್ಲಿ ದುಡಿದು ನಿವೃತ್ತನಾದ ನನ್ನನ್ನು ಅವನು ಕರೆದದ್ದು ಯಂತ್ರ ನೋಡಲೆಂದು. ನಾನು ನೋಡುತ್ತ ನಿಂತದ್ದು ಅದರ ಹೊಗೆಯನ್ನು.

ಸೀಳು ಕಿರಿದು, ಅಂಚು ಚೊಕ್ಕಟ. ಆದ್ದರಿಂದ ಹೊಗೆಯೂ ಕಡಿಮೆ ಎಂಬುದು ಅಲ್ಲಿದ್ದವರ ಎಣಿಕೆ. ಕರಗಿದ ಲೋಹದ ಬಹುಪಾಲು ಕಿಟ್ಟವಾಗಿ ಕೆಳಗೆ ಬೀಳುವುದು ನಿಜ, ಆದರೆ ಆವಿಯಾದ ಸ್ವಲ್ಪ ಭಾಗ ಗಾಳಿಯಲ್ಲಿ ತಣಿದು, ಒಂದು ಮೈಕ್ರಾನಿಗಿಂತ ಚಿಕ್ಕ ಕಣಗಳಾಗಿ ತೇಲಿ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದರಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ, ನಿಕ್ಕಲ್ ಸಂಯುಕ್ತಗಳೂ ಇರುತ್ತವೆ.

"ಫ್ಯಾನ್ ಹಾಕೀವಲ್ಲ ಮಾಮ, ಹೊಗಿ ಎಲ್ಲಾ ಹೊರಗ ಹೋಗ್ತೈತಿ" ಎಂದು ಅಳಿಯ ಗೋಡೆಯ ಎಕ್ಸಾಸ್ಟ್ ಫ್ಯಾನ್ ತೋರಿಸಿದ. ಹೊರಗೆ ಎಂದರೆ ಪಕ್ಕದ ಶೆಡ್ಡಿನ ಕಿಟಕಿ.

ಬಾಳಿಕೆ ಮುಗಿದ ರಿಯಾಕ್ಟರನ್ನು ಕಳಚುವಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಕೋಬಾಲ್ಟ್-60ರಂಥ ವಿಕಿರಣಶೀಲ ವಸ್ತು ಲೋಹದೊಳಗೇ ಇದ್ದು, ಕತ್ತರಿಸಿದಾಗ ಹೊಗೆಯೊಡನೆ ಏಳುತ್ತದೆ. ಬೆಳಕನ್ನು ಫೈಬರಿನಲ್ಲಿ ಒಯ್ದು ಮನುಷ್ಯನನ್ನು ದೂರ ಇಡಬಹುದೆಂಬುದೇ ಲೇಸರಿನ ದೊಡ್ಡ ಅನುಕೂಲ. ಇಂದೋರಿನ ಲೇಸರ್ ಸಂಶೋಧನಾ ಸಂಸ್ಥೆಯಾದ ರಾಜಾ ರಾಮಣ್ಣ ಕೇಂದ್ರದವರ ಇಂಥ ಸಾಧನವನ್ನು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ, ಇಂಧನವಿಟ್ಟು ತಣಿಸುವ ನೀರು ಹರಿಸುವ ಕೊಳವೆಗಳಾದ 306 ಕೂಲಂಟ್ ಚಾನೆಲ್‌ಗಳನ್ನು ಬದಲಿಸುವಾಗ ಬಳಸಿದ್ದರು. ಅದು ದುರಸ್ತಿಯ ಕೆಲಸ. ಪೂರ್ತಿ ಕಳಚುವಾಗ ಕತ್ತರಿಸುವುದು ಬಹಳ, ಹೊಗೆಯೂ ಬಹಳ. ಅದಕ್ಕಾಗಿ ಜಾಗಕ್ಕೆ ಗುಡಾರ ಹಾಕಿ, ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇರುವಂತೆ ಗಾಳಿಯನ್ನು ಎಳೆಯುತ್ತಾರೆ. ಎಲ್ಲಿ ಸಂದು ಉಳಿದರೂ ಗಾಳಿ ಒಳಕ್ಕೇ ನುಗ್ಗಬೇಕು. ಎಳೆದ ಹೊಗೆ ಮೊದಲು ಕಿಡಿ ತಡೆಯುವ ಪೆಟ್ಟಿಗೆ, ಆಮೇಲೆ ಪ್ರೀ-ಫಿಲ್ಟರ್, ಕೊನೆಗೆ 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವ ಹೆಪಾ ಫಿಲ್ಟರ್ ದಾಟುತ್ತದೆ. ಫಿಲ್ಟರ್ ತುಂಬಿದಂತೆ ಅದರ ಎರಡು ಬದಿಯ ಒತ್ತಡದ ಅಂತರ ಏರಿ, ಎಳೆತ ಕುಗ್ಗುತ್ತದೆ. ನನ್ನ ಮಟ್ಟಿಗೆ ಕಿರಣ ಓಡಿಸುವವನಿಗಿಂತ ಆ ಅಂತರ ತೋರಿಸುವ ಗೇಜ್ ಕಾಯುವವನೇ ಮುಖ್ಯ. ತುಂಬಿದ ಫಿಲ್ಟರು ತಾನೇ ವಿಕಿರಣ ತ್ಯಾಜ್ಯವಾಗುವುದರಿಂದ ಅದನ್ನು ಪ್ಲಾಸ್ಟಿಕ್ ಚೀಲದೊಳಗೇ ಬಿಡಿಸಿ, ಬಾಯಿ ಬಿಗಿದು ಹೊರತೆಗೆಯುತ್ತಾರೆ.

ಶೆಡ್ಡಿನ ಯಂತ್ರಕ್ಕೂ ಕತ್ತರಿಸುವ ಮೇಜಿನ ಕೆಳಗಿನಿಂದ ಹೊಗೆ ಎಳೆಯುವ ಬ್ಲೋವರ್, ಫಿಲ್ಟರ್, ಗೇಜ್ ಇದ್ದವು; ಗೇಜ್ ನೋಡುವವರಿರಲಿಲ್ಲ. ದೇವರ ಪಟದ ಬಳಿಯಿಂದ ಊದುಬತ್ತಿ ತಂದು ಮೇಜಿನ ಸಲಾಕೆಗಳ ನಡುವೆ ಹಿಡಿದೆ. ಬ್ಲೋವರಿನ ಬದಿಗೆ ಹೊಗೆಯ ಎಳೆ ಸರ್ರನೆ ಕೆಳಗಿಳಿಯಿತು. ಆಚೆ ತುದಿಯಲ್ಲಿ ನೇರ ಮೇಲೆದ್ದು ನನ್ನ ಕನ್ನಡಕಕ್ಕೆ ಬಡಿಯಿತು. ಬಗ್ಗಿ ನೋಡಿದರೆ ಆ ಭಾಗದ ಗಾಳಿದಾರಿಯ ಬಾಗಿಲಾದ ಡ್ಯಾಂಪರ್ ಮುಚ್ಚಿಯೇ ಇತ್ತು. ತೆರೆಸಿದ ಮೇಲೆ ಅಲ್ಲಿಯೂ ಹೊಗೆ ಬಾಗಿತು, ಆದರೆ ಸೋಮಾರಿಯಾಗಿ: ಫಿಲ್ಟರ್ ಕಟ್ಟಿಕೊಂಡಿತ್ತು. ಹೆಲ್ಪರ್ ಹುಡುಗ ಅದನ್ನು ಬರಿಗೈಯಲ್ಲಿ ಬಿಚ್ಚಿ, ಅಂಗಳದಲ್ಲಿ ಕಂಪ್ರೆಸರ್ ಗಾಳಿಯಿಂದ ಊದಲು ಹೊರಟಿದ್ದ. ಇಡೀ ವಾರ ಹಿಡಿದದ್ದನ್ನೆಲ್ಲ ಒಂದೇ ನಿಮಿಷದಲ್ಲಿ ಅವನ ಮೂಗಿಗೆ ಮರಳಿಸುವ ಆ ಕೆಲಸವನ್ನು ನಿಲ್ಲಿಸಿ, ಫಿಲ್ಟರನ್ನು ಚೀಲಕ್ಕೆ ಹಾಕಿಸಿದೆ.

ಹೊಸ ಫಿಲ್ಟರ್ ಕಾರ್ಟ್ರಿಜ್‌ನ ಬೆಲೆ ಕೇಳಿ ಅಳಿಯ ಮುಖ ಸಿಂಡರಿಸಿದನಾದರೂ ಅಂದೇ ಆರ್ಡರ್ ಮಾಡಿದ. ಹುಡುಗನಿಗೆ ಮಾಸ್ಕ್ ಬಂದದ್ದು ಮಾತ್ರ ನಾನು ಮತ್ತೆ ಫೋನ್ ಮಾಡಿ ಕೇಳಿದ ಮೇಲೆ.